ಜರ್ಮನಿಯ ಸಾಲು

ಏಳನೆಯ ಅಧ್ಯಾಯವನ್ನು ನಾನೇ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇಲ್ಲವೆಂದು ನಾನು ತಿಳಿದಿದ್ದೆ. ಹೋದ ಚಳಿಗಾಲದಲ್ಲಿ ಜಿಲ್ಲೆಯ ನಾವು ಹತ್ತು ಮಂದಿ ರಾಜ್ಯಶಾಸ್ತ್ರದ ಅಧ್ಯಾಪಕರು ಸೇರಿ ಪದವಿ ವಿದ್ಯಾರ್ಥಿಗಳಿಗಾಗಿ ಸುಲಭ ಕನ್ನಡದಲ್ಲಿ ಒಂದು ಪುಸ್ತಕ ಮಾಡಲು ಹೊರಟಿದ್ದೆವು. ಪ್ರತಿ ಶನಿವಾರ ಮಧ್ಯಾಹ್ನ ಹಾವೇರಿಯಲ್ಲಿ ಸಭೆ. ಹನ್ನೆರಡು ಅಧ್ಯಾಯಗಳಲ್ಲಿ ಏಳನೆಯದು ಒಕ್ಕೂಟ ಪ್ರಜಾಪ್ರಭುತ್ವಗಳ ಹೋಲಿಕೆ: ಭಾರತ, ಅಮೆರಿಕ, ಜರ್ಮನಿ, ಸ್ವಿಟ್ಜರ್ಲೆಂಡ್, ಕೊನೆಗೆ ಐರೋಪ್ಯ ಒಕ್ಕೂಟ. ಇವೆಲ್ಲ ತಮ್ಮ ತಮ್ಮ ರಾಜ್ಯಗಳನ್ನು ಕೂಡಿಸಿಕೊಂಡು ಹೇಗೆ ಆಡಳಿತ ನಡೆಸುತ್ತವೆ ಎಂಬುದು ವಿಷಯ. ರಾಣೆಬೆನ್ನೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದನ್ನೇ ಪಾಠ ಮಾಡುತ್ತಿರುವವಳು ನಾನು. ನಮ್ಮ ಸಮಿತಿಯ ಅಧ್ಯಕ್ಷರು, ಹಾವೇರಿಯ ನಿವೃತ್ತ ಪ್ರಾಂಶುಪಾಲರು, ‘ಏಳನೇ ಅಧ್ಯಾಯ’ ಎಂದಾಗ ನಾನು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದೆ.

“ಏಳನೇದ್ದು ಮೇಡಂ ನೀವೂ ಬರೀರಿ, ಬ್ಯಾಡಗಿ ಮಾಸ್ತರೂ ಬರೀಲಿ,” ಎಂದರು ಅಧ್ಯಕ್ಷರು. “ಎರಡೂ ಓದಿ ನೋಡೂಣು. ಹುಡುಗರಿಗೆ ಯಾವ್ದು ತಿಳೀತೈತಿ ಅದನ್ನ ಇಟ್ಕೊಂಡ್ರಾತು.”

ಮುಚ್ಚಳವನ್ನು ಮತ್ತೆ ಹಾಕಿದೆ. ಬ್ಯಾಡಗಿಯ ಮಾಸ್ತರರು ಮೇಜಿನ ಆ ತುದಿಯಲ್ಲಿ ಕೂತಿದ್ದರು. ವಯಸ್ಸು ಮೂವತ್ತಾರೋ ಮೂವತ್ತೇಳೋ. ಕೆಲಸಕ್ಕೆ ಸೇರಿ ಮೂರೇ ವರ್ಷ. ಹೆಗಲಲ್ಲಿ ಸದಾ ಒಂದು ಬಟ್ಟೆಯ ಚೀಲ, ಮಾತು ಕಡಿಮೆ. ಅವರ ಪಾಠದ ವಿಡಿಯೋಗಳು ಹುಡುಗರ ಮೊಬೈಲಿನಲ್ಲಿ ಓಡಾಡುತ್ತಿದ್ದವು. ನನ್ನ ಕಾಲೇಜಿನ ಹುಡುಗಿಯರಿಬ್ಬರು ಪರೀಕ್ಷೆಯ ಹಿಂದಿನ ದಿನ ಅವನ್ನೇ ನೋಡಿ ಓದಿಕೊಂಡರೆಂದು ತಿಳಿದಾಗ ನನಗೆ ಅಂದು ಊಟ ಸೇರಿರಲಿಲ್ಲ. ಅದಕ್ಕೆ ಬೇರೆ ಹೆಸರಿಟ್ಟು ಮರ್ಯಾದೆ ಉಳಿಸಿಕೊಳ್ಳುವ ಆಸೆ ನನಗಿಲ್ಲ. ಅದು ಹೊಟ್ಟೆಕಿಚ್ಚು.

ಎರಡು ವಾರ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಕೂತು ಬರೆದೆ. ಭಾರತದಿಂದ ಆರಂಭಿಸಿ ಒಂದೊಂದು ದೇಶವನ್ನು ಮುಗಿಸುತ್ತ ಹೋಗುವುದು ನನ್ನ ಪದ್ಧತಿ. ನಮ್ಮ ಸಂವಿಧಾನದ ಮೊದಲ ವಿಧಿ ‘ರಾಜ್ಯಗಳ ಒಕ್ಕೂಟ’ ಎನ್ನುತ್ತದೆಯಲ್ಲ, ಅಲ್ಲಿಂದ ಹಿಡಿದು ಮೂರು ಪಟ್ಟಿ, ರಾಜ್ಯಪಾಲರು, ರಾಜ್ಯಸಭೆ. ಅದು ಮುಗಿದ ಮೇಲೆ ಅಮೆರಿಕ. ಅದು ಮುಗಿದ ಮೇಲೆ ಜರ್ಮನಿ. ಇಪ್ಪತ್ತೊಂದು ಪುಟವಾಯಿತು. ಒಂದು ಸಾಲೂ ತಪ್ಪಿರಲಿಲ್ಲ. ಹೊಟ್ಟೆ ತುಂಬಾ ಊಟ ಮಾಡಿದವಳಂತೆ ನೆಮ್ಮದಿಯಿಂದ ಹಾವೇರಿಯ ಬಸ್ಸು ಹತ್ತಿದೆ.

ಬ್ಯಾಡಗಿಯ ಮಾಸ್ತರರದ್ದು ಒಂಬತ್ತೇ ಪುಟ. ಅವರು ದೇಶಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿರಲಿಲ್ಲ. ಐದು ಪ್ರಶ್ನೆ ಇಟ್ಟುಕೊಂಡು, ಪ್ರತಿಯೊಂದನ್ನೂ ಐದೂ ಒಕ್ಕೂಟಗಳಿಗೆ ಒಟ್ಟಿಗೇ ಕೇಳಿದ್ದರು. ಯಾವ ಪಟ್ಟಿಯಲ್ಲೂ ಬರೆಯದೆ ಉಳಿದ ಅಧಿಕಾರ ಯಾರ ಪಾಲಿಗೆ? ರಾಜ್ಯದ ಗಡಿಯನ್ನು ಯಾರು ಬದಲಿಸಬಹುದು? ರಾಜ್ಯಗಳ ಸದನದಲ್ಲಿ ಯಾರಿಗೆ ಎಷ್ಟು ಮತ? ಸಂವಿಧಾನ ತಿದ್ದಲು ಯಾರ ಒಪ್ಪಿಗೆ ಬೇಕು? ಜಗಳ ಬಂದರೆ ಯಾರ ತೀರ್ಪು? ಎರಡನೆಯ ಪ್ರಶ್ನೆ ಓದುತ್ತಿದ್ದಂತೆ ನಮ್ಮ ದೇಶ ಎಲ್ಲಿ ನಿಂತಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಅಮೆರಿಕದಲ್ಲಿ ಒಂದು ರಾಜ್ಯ ಒಪ್ಪದೆ ಅದನ್ನು ಒಡೆಯುವಂತಿಲ್ಲ. ನಮ್ಮಲ್ಲಿ ಆ ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಸಂಸತ್ತಿನ ಸಾಮಾನ್ಯ ಬಹುಮತ ಸಾಕು. ಇದೇ ಮಾತು ನನ್ನ ಕರಡಿನಲ್ಲೂ ಇತ್ತು. ಆದರೆ ಅರ್ಧ ನಾಲ್ಕನೆಯ ಪುಟದಲ್ಲಿ, ಇನ್ನರ್ಧ ಹನ್ನೊಂದನೆಯದರಲ್ಲಿ.

ಇಷ್ಟು ಸರಳ ಹೇಗೆ ಬರೆದಿರಿ ಎಂದು ಯಾರೋ ಕೇಳಿದರು. ಮಾಸ್ತರರ ತಾಯಿ ಮತ್ತು ಓಣಿಯ ಹೆಂಗಸರು ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರಂತೆ. ಮಾಸ್ತರರು ಒಂದು ಪಕ್ಕದಲ್ಲಿ ಕೂತು ತಾವು ಬರೆದದ್ದನ್ನು ಓದಿ ಹೇಳುತ್ತಾರಂತೆ.

“ಅಮ್ಮ ‘ಕ್ಯಾ?’ ಅಂದ್ಲು ಅಂದ್ರ ಆ ವಾಕ್ಯ ಒಡದು ಮತ್ತ ಬರೀತೇನ್ರಿ,” ಎಂದರು. “ಒಂಬತ್ತು ಪುಟದಾಗ ಭಾಳ ಸಲ ಅಂದಾಳ್ರಿ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಪಾಠವನ್ನು ನಾನು ಮನೆಯವರಿಗೆ ಯಾರಿಗೂ ಓದಿ ಹೇಳಿದವಳಲ್ಲ. ಅದು ನನಗೆ ಹೊಳೆಯದೇ ಹೋಯಿತಲ್ಲ ಎಂಬ ಸಂಕಟಕ್ಕಿಂತ, ಇವರಿಗೆ ಹೊಳೆಯಿತಲ್ಲ ಎಂಬುದೇ ಹೆಚ್ಚು ಸುಟ್ಟಿತು. ಅಧ್ಯಕ್ಷರು ನನ್ನ ಕರಡನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಇದು ಘನವಾಗಿದೆ, ಆದರೆ ಹುಡುಗರಿಗೆ ಮಾಸ್ತರರ ಕ್ರಮವೇ ಹಿಡಿಸುತ್ತದೆ ಎಂದರು. ಅಧ್ಯಾಯ ಅವರದ್ದು, ಅದರೊಳಗಿನ ಸಂಗತಿಗಳನ್ನು ಪರಿಶೀಲಿಸುವ ಕೆಲಸ ನನ್ನದು ಎಂದು ತೀರ್ಮಾನವಾಯಿತು. ಆ ಅಧ್ಯಾಯದ ಕೆಳಗೆ ನನ್ನ ಹೆಸರು ‘ಪರಿಶೀಲನೆ’ ಎಂಬ ಸಣ್ಣ ಅಕ್ಷರಗಳ ಮುಂದೆ ಬರುವುದಿತ್ತು.

ಪರಿಶೀಲನೆಗೆ ಕೂತೆ. ಇಷ್ಟು ಶ್ರದ್ಧೆಯಿಂದ ನಾನು ಯಾರ ಉತ್ತರ ಪತ್ರಿಕೆಯನ್ನೂ ನೋಡಿಲ್ಲ. ದೊಡ್ಡ ಹಾಳೆಯಲ್ಲಿ ಎರಡು ಅಂಕಣ ಗೀಚಿ, ಎಡಕ್ಕೆ ಅವರು ಹೇಳಿದ ಒಂದೊಂದು ಸಂಗತಿ, ಬಲಕ್ಕೆ ಅದರ ಮೂಲ ಬರೆಯುತ್ತ ಹೋದೆ. ಮೂಲವೆಂದರೆ ಆಯಾ ದೇಶದ ಸಂವಿಧಾನವೇ. ಯಾರೋ ಬರೆದ ಗೈಡನ್ನು ಮುಟ್ಟಲಿಲ್ಲ. ಅಮೆರಿಕದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೆ ಇಬ್ಬರು, ಸರಿ. ಸ್ವಿಟ್ಜರ್ಲೆಂಡಿನಲ್ಲಿ ಸಂವಿಧಾನ ತಿದ್ದಲು ಜನರ ಬಹುಮತವೂ ಬೇಕು, ಅವರು ಕ್ಯಾಂಟನ್ ಎಂದು ಕರೆಯುವ ರಾಜ್ಯಗಳ ಬಹುಮತವೂ ಬೇಕು, ಸರಿ. ಐರೋಪ್ಯ ಒಕ್ಕೂಟ ಇನ್ನೂ ಒಂದು ದೇಶವಲ್ಲ, ಆದರೂ ಅಲ್ಲಿಯೂ ಹೆಚ್ಚಿನ ನಿರ್ಣಯಗಳಿಗೆ ದೇಶಗಳ ಲೆಕ್ಕ ಒಂದು, ಜನಸಂಖ್ಯೆಯ ಲೆಕ್ಕ ಒಂದು ಎಂದು ಎರಡು ಬಾಗಿಲು ದಾಟಬೇಕು, ಅದೂ ಸರಿ. ನಾಲ್ಕು ದಿನ ಎಲ್ಲವೂ ಸರಿಯೇ. ಬಲಗಡೆಯ ಅಂಕಣ ತುಂಬಿದಂತೆಲ್ಲ ನನ್ನ ಮುಖ ಸಣ್ಣದಾಗುತ್ತ ಬಂತು.

ಐದನೆಯ ದಿನ ಕಾಲೇಜಿನ ಗ್ರಂಥಾಲಯದಲ್ಲಿ ಜರ್ಮನಿಯ ಸಾಲು ಸಿಕ್ಕಿತು. ಅಲ್ಲಿನ ರಾಜ್ಯಗಳ ಸದನಕ್ಕೆ ಬುಂಡೆಸ್‌ರಾಟ್ ಎನ್ನುತ್ತಾರೆ. ಮಾಸ್ತರರು ಹೀಗೆ ಬರೆದಿದ್ದರು: ‘ಅಮೆರಿಕದ ಸೆನೆಟ್‌ನಂತೆ ಜರ್ಮನಿಯಲ್ಲಿಯೂ ಪ್ರತಿ ರಾಜ್ಯಕ್ಕೆ ಸಮಾನ ಮತಗಳಿರುತ್ತವೆ.’ ತಪ್ಪು. ಅಲ್ಲಿ ಚಿಕ್ಕ ರಾಜ್ಯಕ್ಕೆ ಮೂರು ಮತ, ಜನ ಹೆಚ್ಚಿದಂತೆ ನಾಲ್ಕು, ಐದು, ಅತಿ ಹೆಚ್ಚೆಂದರೆ ಆರು. ದೊಡ್ಡ ರಾಜ್ಯಕ್ಕೆ ಹೆಚ್ಚು, ಆದರೆ ಚಿಕ್ಕದ್ದು ಮುಳುಗಿಹೋಗುವಷ್ಟು ಹೆಚ್ಚಲ್ಲ. ಮೇಲಾಗಿ ಒಂದು ರಾಜ್ಯದ ಮತಗಳೆಲ್ಲ ಒಂದೇ ಕಡೆ ಬೀಳಬೇಕು. ಐದು ಒಕ್ಕೂಟಗಳಲ್ಲಿ ಜರ್ಮನಿಯದ್ದೇ ಬೇರೆ ದಾರಿ, ಇವರು ಅದನ್ನೇ ಅಮೆರಿಕದ ಬಾಲಕ್ಕೆ ಕಟ್ಟಿದ್ದರು. ಕೆಂಪು ಪೆನ್ನಿನಿಂದ ಆ ಸಾಲಿನ ಸುತ್ತ ಗುಂಡಗೆ ಗೆರೆ ಎಳೆದೆ. ಅಷ್ಟು ಖುಷಿ ನನಗೆ ಮಗಳ ಫಲಿತಾಂಶ ಬಂದಾಗಲೂ ಆಗಿರಲಿಲ್ಲ.

ಪರಿಶೀಲಕರು ಮಾಡಬೇಕಾದದ್ದು ಇಷ್ಟೇ: ಫೋನ್ ಹಚ್ಚಿ, ಮಾಸ್ತರರೇ, ಮೂರನೆಯ ಪ್ರಶ್ನೆಯಲ್ಲೊಂದು ತಪ್ಪಿದೆ, ತಿದ್ದಿಕೊಳ್ಳಿ ಎನ್ನುವುದು. ಐದು ನಿಮಿಷದ ಕೆಲಸ. ನಾನು ಹಚ್ಚಲಿಲ್ಲ. ಮುಂದಿನ ಶನಿವಾರ ಎಲ್ಲರ ಮುಂದೆ ಹೇಳಬೇಕೆಂದು ಅದನ್ನು ಕಾದಿಟ್ಟೆ. ಗುರುವಾರ ಅವರೇ ಫೋನ್ ಮಾಡಿದರು.

“ಮೇಡಂ, ಏನರ ತಪ್ಪು ಸಿಕ್ಕಾವೇನ್ರಿ? ಸಿಕ್ಕಿದ್ರ ಸಂಕೋಚ ಮಾಡಬ್ಯಾಡ್ರಿ, ಹೇಳಿಬಿಡ್ರಿ.”

“ಇನ್ನೂ ನೋಡಾಕತ್ತೇನಿ,” ಎಂದೆ. “ಇಲ್ಲೀತನಕ ಏನೂ ಇಲ್ಲ.”

ಆ ಕೆಂಪು ಗೆರೆ ನನ್ನ ಕಣ್ಣೆದುರೇ ಇತ್ತು. ಅವರು ಸಮಾಧಾನದಿಂದ, ನೀವು ನೋಡಿದಿರಿ ಅಂದ ಮೇಲೆ ನನಗೆ ಚಿಂತೆ ಇಲ್ಲ ಎಂದು ಫೋನ್ ಇಟ್ಟರು. ನನಗೆ ನಾಚಿಕೆಯಾಗಲಿಲ್ಲವೆಂದಲ್ಲ. ಆಯಿತು, ಆದರೆ ಶನಿವಾರದ ಆಸೆ ಅದಕ್ಕಿಂತ ದೊಡ್ಡದಿತ್ತು.

ಶನಿವಾರ ನನ್ನ ಸರದಿ ಬಂದಾಗ ಮೊದಲು ಸರಿಯಿದ್ದದ್ದನ್ನೆಲ್ಲ ಹೊಗಳಿದೆ. ಹೊಗಳಿ ಮೇಲೆ ಹತ್ತಿಸಿ ಆಮೇಲೆ ಏಣಿ ತೆಗೆಯುವ ವಿದ್ಯೆ ಅಧ್ಯಾಪಕರಿಗೆ ಯಾರೂ ಕಲಿಸಬೇಕಾಗಿಲ್ಲ. ಕೊನೆಗೆ ಜರ್ಮನಿಯ ಸಾಲನ್ನು ನಿಧಾನವಾಗಿ ಓದಿ, ಸಂವಿಧಾನದ ಪ್ರತಿಯನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಇದು ಹೀಗೇ ಅಚ್ಚಾಗಿದ್ದರೆ ಜಿಲ್ಲೆಯ ಮಕ್ಕಳೆಲ್ಲ ತಪ್ಪು ಕಲಿಯುತ್ತಿದ್ದರು, ಮೂಲವನ್ನು ನೋಡದೆ ಬರೆಯುವುದು ನಮ್ಮ ವೃತ್ತಿಗೆ ಶೋಭೆಯಲ್ಲ ಎಂದೂ ಸೇರಿಸಿದೆ.

ಮಾಸ್ತರರು ಎದ್ದು ಬಂದು ಪುಸ್ತಕದ ಮೇಲೆ ಬಾಗಿ ಎರಡು ಸಲ ಓದಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ನಂಬಿ ಇಟ್ಟ ವಸ್ತು ಇಟ್ಟ ಜಾಗದಲ್ಲಿ ಸಿಗದಿದ್ದಾಗ ನೋಡುತ್ತೇವಲ್ಲ, ಹಾಗಿತ್ತು. ಅದೇನೆಂದು ನನಗೆ ಆಗ ತಿಳಿಯಲಿಲ್ಲ.

“ಎಲ್ಲಿಂದ ತಗೊಂಡಿದ್ರಿ ಮಾಸ್ತರ ಇದನ್ನ?” ಎಂದು ಅಧ್ಯಕ್ಷರು ಕೇಳಿದರು.

ಅವರ ಕೈ ಬಟ್ಟೆಯ ಚೀಲದೊಳಗೆ ಹೋಯಿತು. ಅಲ್ಲೇ ಒಂದು ಗಳಿಗೆ ನಿಂತು, ಬರಿಗೈಯಾಗಿ ಹೊರಗೆ ಬಂತು.

“ತಪ್ಪು ನಂದರಿ,” ಎಂದರು. “ಮೂಲ ನೋಡಿ ಬರೀಬೇಕಿತ್ತು. ನೋಡಲಿಲ್ಲ.”

ಇನ್ನು ಈ ಅಧ್ಯಾಯವನ್ನು ಮೇಡಂ ಅವರೇ ಪೂರ್ತಿ ಕೈಗೆ ತೆಗೆದುಕೊಳ್ಳಲಿ, ಮೊದಲ ಹೆಸರು ಅವರದ್ದೇ ಇರಲಿ ಎಂದು ಅಧ್ಯಕ್ಷರು ನಡಾವಳಿಯಲ್ಲಿ ಬರೆಸಿದರು. ನಾನು ಬೇಡವೆನ್ನಲಿಲ್ಲ.

ಸಂಜೆಯ ರೈಲಿನಲ್ಲಿ ಇಬ್ಬರೂ ಒಂದೇ ಡಬ್ಬಿ ಹತ್ತಿದೆವು. ಅವರು ಬ್ಯಾಡಗಿಗೆ, ನಾನು ಇನ್ನೂ ಮುಂದೆ ರಾಣೆಬೆನ್ನೂರಿಗೆ. ಎದುರುಬದುರು ಕೂತೆವು. ಬ್ಯಾಡಗಿ ಹತ್ತಿರವಾದಾಗ ಅವರು ಚೀಲದಿಂದ ದಪ್ಪ ಕಡತವೊಂದನ್ನು ತೆಗೆದು ನನ್ನ ಪಕ್ಕದಲ್ಲಿಟ್ಟರು. ಅಧ್ಯಾಯಕ್ಕೆಂದು ಮಾಡಿಕೊಂಡ ಟಿಪ್ಪಣಿಗಳೆಲ್ಲ ಅದರಲ್ಲಿವೆ, ಇನ್ನು ನಿಮಗೇ ಬೇಕಾಗುತ್ತವೆ ಎಂದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಕಡತವನ್ನು ಬಚ್ಚಲೊಲೆಗೆ ಹಾಕುತ್ತಿದ್ದೆನೇ ಹೊರತು ಕೊಡುತ್ತಿರಲಿಲ್ಲ. ಸೋತ ಮೇಲೂ ಇಷ್ಟು ದೊಡ್ಡ ಮನಸ್ಸಿಟ್ಟುಕೊಳ್ಳಲು ಇವರಿಗೆ ಹೇಗೆ ಸಾಧ್ಯ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಭಾನುವಾರ ಬೆಳಗ್ಗೆ ಚಹಾ ಕುಡಿಯುತ್ತ ಕಡತ ಬಿಚ್ಚಿದೆ. ಮೇಲಿನ ಹಾಳೆಗಳಲ್ಲಿ ಅವರ ಐದು ಪ್ರಶ್ನೆಗಳ ಹಳೆಯ ರೂಪಗಳು, ತಾಯಿ ‘ಕ್ಯಾ?’ ಎಂದಲ್ಲೆಲ್ಲ ಒಂದೊಂದು ಚುಕ್ಕಿ. ತಳದಲ್ಲಿ, ಬೀಜದ ಕಂಪನಿಯ ಹಳೆಯ ಕಾಗದದ ಚೀಲವನ್ನು ಕತ್ತರಿಸಿ ರಟ್ಟು ಹಾಕಿದ ಒಂದು ಝೆರಾಕ್ಸ್ ಕಟ್ಟು. ಮೊದಲ ಪುಟ ತಿರುಗಿಸಿದೆ. ಅಕ್ಷರ ನನ್ನದು.

ನಮ್ಮ ಕಡೆ ನೋಟ್ಸ್ ಎಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ಕನ್ನಡದಲ್ಲಿ ಪುಸ್ತಕಗಳಿಲ್ಲದ ವಿಷಯಕ್ಕೆ ಅಧ್ಯಾಪಕರು ತರಗತಿಯಲ್ಲಿ ಹೇಳಿ ಬರೆಸುತ್ತಾರೆ. ಯಾರದ್ದು ಚೆನ್ನಾಗಿದೆಯೋ ಅವರ ಕೈಬರಹದ ಪ್ರತಿ ಝೆರಾಕ್ಸ್ ಅಂಗಡಿ ಸೇರುತ್ತದೆ. ಅಲ್ಲಿಂದ ಪ್ರತಿಯ ಪ್ರತಿ, ಅದರ ಪ್ರತಿ. ನನ್ನ ನೋಟ್ಸ್ ರಾಣೆಬೆನ್ನೂರಿನ ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಸಿಗುತ್ತದೆಂಬುದು ಒಂದು ಕಾಲಕ್ಕೆ ನನಗೆ ಹೆಮ್ಮೆಯ ಸಂಗತಿಯಾಗಿತ್ತು. ಈ ಕಟ್ಟಿನ ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಉರ್ದು. ನನ್ನ ಪ್ರತಿ ಪ್ಯಾರಾದ ಪಕ್ಕದಲ್ಲೂ ಮಾಸ್ತರರು ಅದರ ಅರ್ಥವನ್ನು ತಮ್ಮ ಮನೆಮಾತಿನಲ್ಲಿ ಬರೆದುಕೊಂಡಿದ್ದರು.

ಹದಿನಾಲ್ಕನೆಯ ಪುಟದಲ್ಲಿ ನನ್ನದೇ ದುಂಡಕ್ಷರದಲ್ಲಿ: ‘ಅಮೆರಿಕದ ಸೆನೆಟ್‌ನಂತೆ ಜರ್ಮನಿಯಲ್ಲಿಯೂ ಪ್ರತಿ ರಾಜ್ಯಕ್ಕೆ ಸಮಾನ ಮತಗಳಿರುತ್ತವೆ.’ ಅದರ ಪಕ್ಕದಲ್ಲಿ ಮಾತ್ರ ಉರ್ದುವಿನ ಬದಲು ಕನ್ನಡದಲ್ಲಿ ಎರಡು ಸಾಲಿದ್ದವು. ‘ಹಂಗಾದ್ರ ದೊಡ್ಡ ರಾಜ್ಯ ಹೆಂಗ ಒಪ್ಪಿತು?’ ಎಂದು ಮೊದಲನೆಯದು. ಅದರ ಕೆಳಗೆ, ‘ಮೇಡಂ ಬರದಾರ. ಖರೇನ ಇರಬೇಕು.’

ನನಗೆ ಆ ದಿನ ನೆನಪಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಜರ್ಮನಿಯಲ್ಲಿ ಹೇಗೆ ಎಂದು ಕೇಳಿದ್ದಳು. ನಮ್ಮ ಗ್ರಂಥಾಲಯದಲ್ಲಿ ಆಗ ಅಮೆರಿಕದ ಬಗ್ಗೆ ಒಂದು ಪುಸ್ತಕವಿತ್ತು, ಜರ್ಮನಿಯದ್ದು ಇರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅಮೆರಿಕದಂತೆಯೇ ಎಂದೆ, ಬರೆದುಕೊಳ್ಳಿ ಎಂದೆ. ಏಳೆಂಟು ವರ್ಷದ ಮೇಲೆ ಒಂದು ತರಬೇತಿಯಲ್ಲಿ ನಿಜ ತಿಳಿಯಿತು. ಅಂದಿನಿಂದ ತರಗತಿಯಲ್ಲಿ ಸರಿಯಾಗಿಯೇ ಹೇಳುತ್ತ ಬಂದೆ. ಹಿಂದೆ ತಪ್ಪು ಬರೆಸಿದ್ದೆ ಎಂದು ಮಾತ್ರ ಯಾರ ಮುಂದೂ ಅನ್ನಲಿಲ್ಲ. ಅಂಗಡಿಯಲ್ಲಿದ್ದ ನೋಟ್ಸ್ ತಿದ್ದಲಿಲ್ಲ. ಆಮೇಲೆ ಮರೆತೂ ಬಿಟ್ಟೆ.

ಮಾಸ್ತರರು ಸಭೆಯಲ್ಲಿ ಆ ಕಟ್ಟನ್ನು ತೆಗೆದಿಟ್ಟಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ತೆಗೆಯಲಿಲ್ಲ. ಈಗ ಕಡತದ ತಳದಲ್ಲಿ ಅದನ್ನು ಮರೆತು ಬಿಟ್ಟರೋ, ಬೇಕೆಂದೇ ಬಿಟ್ಟರೋ ನನಗೆ ಇವತ್ತಿಗೂ ತಿಳಿಯದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ನನಗೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಸ್ನಾನ ಮಾಡುವಾಗ ಬಂತು, ದೋಸೆ ಹುಯ್ಯುವಾಗಲೂ ಬಂತು. ಆ ‘ಖರೇನ ಇರಬೇಕು’ ಬಿಡಲಿಲ್ಲ.

ಹನ್ನೊಂದಕ್ಕೆ ಆಟೋ ಹಿಡಿದು ಝೆರಾಕ್ಸ್ ಅಂಗಡಿಗೆ ಹೋದೆ. ಮಾಲೀಕರು ಗುರುತು ಹಿಡಿದು ಕುರ್ಚಿ ಒರೆಸಿ ಕೊಟ್ಟರು. ನನ್ನ ನೋಟ್ಸ್ ಇನ್ನೂ ಇದೆಯೇ ಎಂದು ಕೇಳಿದೆ.

“ಇಲ್ದೇನ್ರಿ ಮೇಡಂ,” ಎಂದರು. “ಈಗ್ಲೂ ಹುಡುಗರು ನಿಮ್ದ ಕೇಳಿ ಒಯ್ತಾರ್ರಿ. ಹೊಸಾವು ಎಷ್ಟು ಬಂದ್ರೂ ಇದನ್ನ ಬಿಟ್ಟಿಲ್ಲ.”

ಬೇರೆ ದಿನವಾಗಿದ್ದರೆ ಆ ಮಾತಿಗೆ ಒಂದು ವಾರ ಬೀಗುತ್ತಿದ್ದೆ. ಮೂಲ ಪ್ರತಿ ತೆಗೆಸಿ, ಹದಿನಾಲ್ಕನೆಯ ಪುಟದ ಆ ಸಾಲನ್ನು ಹೊಡೆದು, ಸರಿಯಾದದ್ದನ್ನು ಅದರ ಮೇಲೆ ಬರೆದೆ. ಕೈ ಮೊದಲಿನಂತೆ ದುಂಡಗೆ ಓಡಲಿಲ್ಲ. ಅಂಚಿನಲ್ಲಿ ‘ಹಿಂದೆ ಬರೆದದ್ದು ನನ್ನ ತಪ್ಪು’ ಎಂದು ಬರೆದು ಸಹಿ ಹಾಕಿದೆ. ಹಳೆಯ ಪ್ರತಿ ಒಯ್ದವರನ್ನೆಲ್ಲ ಎಲ್ಲಿ ಹುಡುಕುವುದು? ಅವರಲ್ಲಿ ಎಷ್ಟು ಮಂದಿ ಈಗ ಎಲ್ಲೆಲ್ಲಿ ಪಾಠ ಹೇಳುತ್ತಿದ್ದಾರೋ.

ಮುಂದಿನ ಶನಿವಾರ ಸಭೆಯಲ್ಲಿ ಕಟ್ಟನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ಹುಟ್ಟಿದ್ದು ನನ್ನ ತರಗತಿಯಲ್ಲಿ. ಅದು ಸಿಕ್ಕ ಮೇಲೂ, ಮಾಸ್ತರರು ಫೋನ್ ಮಾಡಿ ಕೇಳಿದಾಗಲೂ, ಏನೂ ಇಲ್ಲವೆಂದು ಸುಳ್ಳು ಹೇಳಿದವಳು ನಾನು. ಎರಡನೆಯದನ್ನು ಹೇಳುವ ಮೊದಲು ನೀರು ಕುಡಿದೆ. ಅಧ್ಯಾಯ ಅವರ ಹೆಸರಿನಲ್ಲೇ ಬರಲಿ, ನನ್ನದು ಪರಿಶೀಲನೆಯಲ್ಲೇ ಇರಲಿ, ಇದನ್ನೂ ನಡಾವಳಿಯಲ್ಲಿ ಬರೆಯಿರಿ ಎಂದೆ. ಅಧ್ಯಕ್ಷರು ಹಾಗೆಯೇ ಬರೆಸಿದರು. ಎಲ್ಲರೂ ಮಾಸ್ತರರನ್ನು ನೋಡುತ್ತಿದ್ದರು. ಗೊತ್ತಿದ್ದೂ ಸುಮ್ಮನಿದ್ದರಲ್ಲ ಎಂಬ ಗೌರವ ಎಲ್ಲರ ಕಣ್ಣಲ್ಲಿತ್ತು. ನನ್ನ ತಪ್ಪೊಪ್ಪಿಗೆಯ ಲಾಭವೂ ಅವರಿಗೇ ಹೋಯಿತು ಎಂದು ನನ್ನ ಹೊಟ್ಟೆ ಅಲ್ಲಿಯೂ ಒಮ್ಮೆ ಉರಿಯಿತು. ಅದರ ಜಾತಿಯೇ ಅಂಥದು.

ಸಭೆ ಮುಗಿದ ಮೇಲೆ ಅವರು ಕಟ್ಟನ್ನು ವಾಪಸ್ ಕೇಳಿದರು. ತಪ್ಪಿರುವ ಪ್ರತಿ ಯಾಕೆ, ತಿದ್ದಿದ್ದನ್ನು ಕೊಡುತ್ತೇನೆ ಎಂದೆ.

“ಬ್ಯಾಡ್ರಿ ಮೇಡಂ, ಇದ ಇರ್ಲಿ,” ಎಂದರು. “ಹಗಲೆಲ್ಲ ರಾಣೆಬೆನ್ನೂರಾಗ ಬೀಜದ ಪಾಕೀಟು ತುಂಬೂ ಕೆಲಸ ಇತ್ರಿ ನಂಗ. ಕಾಲೇಜಿಗೆ ಬರಾಕ ಆಗ್ಲಿಲ್ಲ. ನಿಮ್ಮನ್ನ ನೋಡದನ ನಿಮ್ಮ ಹತ್ರ ಕಲ್ತಾಂವ ನಾ.”

ನಾನು ಜರ್ಮನಿಯ ಸಾಲಿನ ಬಗ್ಗೆ ಕೇಳಿದೆ. ದೊಡ್ಡ ರಾಜ್ಯ ಹೇಗೆ ಒಪ್ಪಿತು ಎಂದು ನಿಮಗೆ ಆಗಲೇ ಅನುಮಾನ ಬಂದಿತ್ತಲ್ಲ, ಬರೆಯುವಾಗ ಯಾಕೆ ನೋಡಲಿಲ್ಲ ಎಂದೆ. ಉಳಿದದ್ದನ್ನೆಲ್ಲ ಮೂಲದಲ್ಲಿ ನೋಡಿದ್ದೆ, ನಿಮ್ಮಿಂದ ಬಂದದ್ದನ್ನು ಮಾತ್ರ ನೋಡಲಿಲ್ಲ ಎಂದರು. ಅವರು ಅದನ್ನು ಆಕ್ಷೇಪವಾಗಿ ಹೇಳಲಿಲ್ಲ. ಕಟ್ಟನ್ನು ಅವರ ಕೈಗಿಟ್ಟೆ.

ಪುಸ್ತಕ ಬಂತು. ಏಳನೆಯ ಅಧ್ಯಾಯದ ಮೇಲೆ ಅವರ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನದು. ಈ ಸಲ ಅದನ್ನೇ ಹಿಡಿದು ತರಗತಿಗೆ ಹೋದೆ. ಅವರ ನಾಲ್ಕನೆಯ ಪ್ರಶ್ನೆ ನಡೆದಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಆರು ಕ್ಯಾಂಟನ್‌ಗಳ ಮತಕ್ಕೆ ಅರ್ಧದ ಲೆಕ್ಕ ಎಂದು ಹೇಳುತ್ತಿದ್ದೆ. ಕಿಟಕಿಯ ಪಕ್ಕದ ಹುಡುಗಿ ಎದ್ದು ನಿಂತಳು.

“ಮೇಡಂ, ಅವು ಯಾಕ ಅರ್ಧ ಆದ್ವು ರೀ? ಮೊದ್ಲಿಂದನೂ ಅರ್ಧ ಇದ್ವೇನು?”

ಅಮೆರಿಕದಂತೆಯೇ ಎನ್ನುವ ಆ ಹಳೆಯ ಧಾಟಿ ನಾಲಿಗೆಯ ತುದಿಯವರೆಗೆ ಬಂತು. ಜನಸಂಖ್ಯೆ ಕಡಿಮೆ ಇರಬೇಕು, ಬರೆದುಕೊಳ್ಳಿ ಎಂದರೆ ಬರೆದುಕೊಳ್ಳುತ್ತಿದ್ದರು. ಅರವತ್ತು ಪೆನ್ನುಗಳು ಕಾಯುತ್ತಿದ್ದವು.

“ನಂಗ ಗೊತ್ತಿಲ್ಲವ್ವ,” ಎಂದೆ. “ಕೇಳಿ ನಾಳೆ ಹೇಳ್ತೇನಿ.”

ಪೆನ್ನುಗಳು ಕೆಳಗಿಳಿದವು. ಆಕಾಶವೇನೂ ಕಳಚಿ ಬೀಳಲಿಲ್ಲ. ತರಗತಿ ಮುಗಿಸಿ ವರಾಂಡದಲ್ಲೇ ನಿಂತು ಬ್ಯಾಡಗಿಗೆ ಫೋನ್ ಹಚ್ಚಿದೆ. ಹಿಂದೆ ಒಂದೇ ಇದ್ದವು ಬೇರೆ ಬೇರೆ ಕಾಲಕ್ಕೆ ಒಡೆದು ಎರಡಾದವು, ಒಂದು ಕಡೆ ಧರ್ಮದ ಜಗಳ, ಇನ್ನೊಂದು ಕಡೆ ಪಟ್ಟಣಕ್ಕೂ ಹಳ್ಳಿಗೂ ಆಗದೆ ಬೇರೆಯಾದವು, ಅದಕ್ಕೇ ಒಂದರ ಮತವನ್ನು ಎರಡೂ ಹಂಚಿಕೊಂಡಿವೆ ಎಂದು ಮಾಸ್ತರರು ಒಂದು ಕ್ಷಣವೂ ತಡೆಯದೆ ಹೇಳಿದರು. ಹಿಂದಿನಿಂದ ಅವರ ತಾಯಿ ‘ಕ್ಯಾ?’ ಎನ್ನುವುದು ಕೇಳಿಸಿತು.

ಎಲ್ಲಿ ಓದಿದಿರಿ ಎಂದು ಕೇಳಿ, ಮೂಲದ ಹೆಸರು ಬರೆದುಕೊಂಡೆ. ಹೊಟ್ಟೆ ಉರಿಯುತ್ತಲೇ ಇತ್ತು. ಅಲ್ಲಿಂದ ಸೀದಾ ಗ್ರಂಥಾಲಯಕ್ಕೆ ಹೋಗಿ ಆ ಸಾಲನ್ನು ನನ್ನ ಕಣ್ಣಾರೆ ನೋಡಿದೆ.